ಇನ್ನೊಬ್ಬರ ವೃಂದಾ

ತಿದ್ದಲು ಒಂದೂ ತಪ್ಪು ಸಿಗಲಿಲ್ಲ. ಭಾಲಚಂದ್ರರಾಯರು ಮೊಬೈಲನ್ನು ಮೊಳದಷ್ಟು ದೂರ ಹಿಡಿದರು, ಹತ್ತಿರ ತಂದರು, ಕನ್ನಡಕದ ಗಾಜನ್ನು ಅಂಗಿಯ ಅಂಚಿನಿಂದ ಒರೆಸಿಕೊಂಡು ಅದೇ ಪರಿಚ್ಛೇದವನ್ನು ಇನ್ನೊಮ್ಮೆ ಓದಿದರು. ವಾಕ್ಯಗಳು ಚಿಕ್ಕವಾಗಿದ್ದವು, ಒಂದರ ಹಿಂದೆ ಒಂದು ಬಂದು ತಮ್ಮ ತಮ್ಮ ಜಾಗದಲ್ಲಿ ಸುಮ್ಮನೆ ಕುಳಿತಿದ್ದವು. ಹೋದ ಸಲದವರೆಗೆ ಮಚ್ಛೇಂದ್ರನ ಬರಹದಲ್ಲಿ ತಿದ್ದಲಿಕ್ಕೆ ಎಷ್ಟೊಂದು ಇರುತ್ತಿತ್ತು: ಮರಾಠಿಯ ಜಾಯಮಾನದ ವಾಕ್ಯಗಳು, ಬೇಡದಲ್ಲಿ ಬಿದ್ದ ಅಲ್ಪವಿರಾಮಗಳು, ಒಂದೇ ಸಾಲಿನಲ್ಲಿ ಎರಡೆರಡು ಸಲ ಬಂದ ‘ಆದರೆ’. ಅವನ್ನೆಲ್ಲ ಅಕ್ಕಿಯೊಳಗಿನ ಕಲ್ಲಿನಂತೆ ಹೆಕ್ಕಿ ತೆಗೆಯುವಾಗ ರಾಯರಿಗೆ ಅವನ ಮೇಲೆ ಒಂದು ಬಗೆಯ ವಾತ್ಸಲ್ಯವೇ ಹುಟ್ಟುತ್ತಿತ್ತು. ಭಾಲ್ಕಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತನಾದ ಮನುಷ್ಯ, ಪಾಪ, ಗದ್ಯದ ಹದ ಅವನಿಗೆ ಹೇಗೆ ತಿಳಿದೀತು ಎಂದುಕೊಳ್ಳುತ್ತ ತಿದ್ದುತ್ತಿದ್ದರು. ಈ ಹೊತ್ತು ಆ ‘ಪಾಪ’ಕ್ಕೆ ನಿಲ್ಲಲು ನೆಲವಿರಲಿಲ್ಲ. ಕಿಟಕಿಯಾಚೆ ಬೀದರದ ಗಾಂಧಿ ಗಂಜಿನ ಕಾಳುಪೇಟೆಯ ಕಡೆ ಲಾರಿಯೊಂದು ಹಿಂದೆ ಸರಿಯುತ್ತ ಕೂಗಿಕೊಳ್ಳುತ್ತಿತ್ತು; ತೊಗರಿಯ ಹೊಟ್ಟಿನ ಒಣ ವಾಸನೆ ಓಣಿಯೊಳಕ್ಕೆ ಇಳಿದಿತ್ತು; ಅಡಿಗೆಮನೆಯಲ್ಲಿ ಅನಸೂಯಾಬಾಯಿ ರೊಟ್ಟಿ ಬಡಿಯುವ ಸದ್ದು ಎಂದಿನ ಲಯದಲ್ಲಿಯೇ ಇತ್ತು. ಆ ಸದ್ದು ನಿಂತಾಗಲೆಲ್ಲ ರಾಯರು, ಯಾರೋ ತಮ್ಮನ್ನು ಕಳ್ಳತನದಲ್ಲಿ ಹಿಡಿದಂತೆ, ಮೊಬೈಲನ್ನು ತೊಡೆಯ ಮೇಲೆ ಬೋರಲು ಹಾಕುತ್ತಿದ್ದರು.

ವೃಂದಾ ತಮ್ಮವಳು ಎಂದು ಅವರು ತಿಳಿದಿದ್ದರು. ಬಹಳ ಹಿಂದೆ ವಾರಪತ್ರಿಕೆಯೊಂದರಲ್ಲಿ ಈ ಸೀಮೆಯ ಒಂದು ವಾಡೆಯ ಕಥೆ ಧಾರಾವಾಹಿಯಾಗಿ ಬರುತ್ತಿತ್ತು. ಬರೆಯುತ್ತಿದ್ದವರು ತೀರಿಕೊಂಡರು, ಕಥೆ ನಡುವೆಯೇ ನಿಂತಿತು, ಕೆಲದಿನಗಳಲ್ಲಿ ಪತ್ರಿಕೆಯೂ ನಿಂತಿತು. ವೃಂದಾ ಆ ವಾಡೆಯ ಕಿರಿಯ ಸೊಸೆ. ಮೂಲದಲ್ಲಿ ಅವಳಿಗೆ ಒಂದು ಮಾತೂ ಇಲ್ಲ. ಚಹಾ ತರುತ್ತಾಳೆ, ದೀಪ ತರುತ್ತಾಳೆ, ಬಾಗಿಲು ಮುಚ್ಚುತ್ತಾಳೆ, ಅಷ್ಟೇ. ಬೀದರದ ಕಾಲೇಜೊಂದರಲ್ಲಿ ಕಲಿಸುವ ಗಾರ್ಗಿ ಎಂಬ ಹುಡುಗಿ ಹಳೆಯ ಸಂಚಿಕೆಗಳನ್ನೆಲ್ಲ ಹುಡುಕಿ, ಮೊಬೈಲಿನಲ್ಲಿ ಬಳಗ ಕಟ್ಟಿ, “ಇದನ್ನ ನಾವೆಲ್ಲ ಕೂಡಿ ಮುಂದ ಬರೆಯೋಣ್ರಿ ಸರ, ಫ್ಯಾನ್ ಫಿಕ್ಷನ್ ಅಂತಾರ ಇದಕ್ಕ, ಅಭಿಮಾನಿಗಳು ಬರೆಯೂದು” ಎಂದು ಮನೆಗೆ ಬಂದು ಹೇಳಿದ್ದಳು. ‘ಅಭಿಮಾನಿ’ ಎಂಬ ಪದ ರಾಯರಿಗೆ ಹಿತವಾಗಲಿಲ್ಲ. ಮೂವತ್ತು ವರ್ಷ ಔರಾದದಲ್ಲಿಯೂ ಬೀದರದಲ್ಲಿಯೂ ಮಕ್ಕಳಿಗೆ ಪ್ರಬಂಧರಚನೆ ಹೇಳಿಕೊಟ್ಟವರು ಯಾರಿಗೋ ಅಭಿಮಾನಿಯಾಗುವುದೇ? “ಉತ್ತರಭಾಗ ಅನ್ನೋಣು” ಎಂದಿದ್ದರು. ಗಾರ್ಗಿ ನಕ್ಕು ಒಪ್ಪಿದ್ದಳು. ಸರದಿಯ ಮೇಲೆ ಒಬ್ಬೊಬ್ಬರು ಒಂದೊಂದು ಅಧ್ಯಾಯ ಬರೆಯಬೇಕು, ಮೂಲದಲ್ಲಿದ್ದುದಕ್ಕೆ ವಿರುದ್ಧವಾದದ್ದು ಏನೂ ಬರಬಾರದು, ಬರೆದದ್ದು ಬಳಗಕ್ಕೆ ಹೋಗುವ ಮೊದಲು ರಾಯರ ಕಣ್ಣ ಕೆಳಗೆ ಹಾದುಹೋಗಬೇಕು. ಈ ಕೊನೆಯ ನಿಯಮವನ್ನು ಯಾರು ಸೂಚಿಸಿದರೆಂಬುದು ಈಗ ರಾಯರಿಗೆ ನೆನಪಿಲ್ಲ. ತಾವೇ ಸೂಚಿಸಿದ್ದಿರಬಹುದು.

ಅವರು ಬರೆಯುವ ರೀತಿಯೇ ಬೇರೆ. ಮೊದಲು ಅಧ್ಯಾಯದ ಹೊತ್ತು, ಋತು, ವಾಡೆಯ ಯಾವ ಅಂಕಣ ಎಂಬುದನ್ನು ಗೊತ್ತುಮಾಡಿಕೊಳ್ಳುವುದು. ಆಮೇಲೆ ಆರಂಭ, ಬೆಳವಣಿಗೆ, ಮುಕ್ತಾಯಗಳಿಗೆ ಗೆರೆ ಎಳೆದುಕೊಳ್ಳುವುದು. ಪ್ರತಿಯೊಂದು ವಾಕ್ಯವನ್ನೂ ಮೊದಲು ಬಾಯಲ್ಲಿ ಅಂದು, ಅದು ತೂಗಿದ ಮೇಲೆ ಪೆನ್ನಿನಿಂದ ಬರೆದು, ಕೊನೆಗೆ ಒಂದು ಬೆರಳಿನಿಂದ ಮೊಬೈಲಿನಲ್ಲಿ ಕುಟ್ಟುವುದು. ಅವರ ವೃಂದಾ ಪ್ರತಿ ಅಧ್ಯಾಯದಲ್ಲಿಯೂ ತಲೆ ತಗ್ಗಿಸಿ, ಬಾಗಿಲಿನ ಪಕ್ಕದಲ್ಲಿ, ಗೌರವದಿಂದ ದುಃಖಿಸುತ್ತ ನಿಲ್ಲುತ್ತಿದ್ದಳು. ಬಳಗದವರು “ಭಾಷಾ ಭಾಳ ಶುದ್ಧ ಅದ ಸರ” ಎಂದು ಬರೆಯುತ್ತಿದ್ದರು. ಮಚ್ಛೇಂದ್ರನ ಅಧ್ಯಾಯ ಬಂದಾಗ ಮಾತ್ರ ಯಾರೂ ಭಾಷೆಯ ಸುದ್ದಿ ತೆಗೆಯುತ್ತಿರಲಿಲ್ಲ. “ಓದಿ ಕೈ ಕಾಲ ತಣ್ಣಗಾದವು”, “ನಮ್ಮ ಅತ್ತೀನ ನೆನಪಾದ್ಲು”, ಕೆಳಗೆ ಸಾಲು ಸಾಲು ಕೆಂಪು ಹೃದಯಗಳು. ರಾಯರಿಗೆ ಆ ಹೃದಯಗಳು ಹಸಿಯಾಗಿ, ಮಾಂಸದಂತೆ ಕಾಣುತ್ತಿದ್ದವು. ತಮ್ಮ ಮುಂದೆ ತಲೆ ಎತ್ತದವಳು ಭಾಲ್ಕಿಯವನ ಅಧ್ಯಾಯದಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾವಿಕಟ್ಟೆಯ ಮೇಲೆ ಕುಳಿತು ಕಾಲು ಆಡಿಸುತ್ತಿದ್ದಳು. ಮೂಲದಲ್ಲಿ ಬಾವಿ ಇತ್ತು, ಆದ್ದರಿಂದ ತೆಗೆಯುವಂತಿರಲಿಲ್ಲ. ಅದನ್ನು ಓದಿದ ದಿನ ಅವರು ಮಧ್ಯಾಹ್ನದ ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದಿದ್ದರು. ಕಾಣದವನೊಬ್ಬನ ಮುಂದೆ ಕಾಲು ಆಡಿಸುವಾಗ ಅವಳು ತಮ್ಮನ್ನು ನೆನೆದೂ ಇರಲಾರಳು ಎಂಬ ಹುಚ್ಚು ಯೋಚನೆ ಬಂದು, ನಾಚಿಕೆಯಾಗಿ, ಹೋಗದೆ ಉಳಿದಿತ್ತು.

ಈಗ ಅದಕ್ಕಿಂತ ಕೆಟ್ಟದ್ದು ಬಂದಿತ್ತು. ಮಚ್ಛೇಂದ್ರ ಬರೆದಿದ್ದ: “ಬಂದವರು ಹೋದ ಮೇಲೆ ವೃಂದಾ ಕಿಟಕಿಯ ಹೊರಗಿದ್ದ ಕಿವಿ ಮುರಿದ ಬಟ್ಟಲನ್ನು ಒಳಗೆ ತಂದಳು. ತೊಳೆದಳು. ತನ್ನ ಪಾಲಿನ ಚಹಾವನ್ನು ಅದಕ್ಕೇ ಬಗ್ಗಿಸಿಕೊಂಡಳು. ಕುಡಿಯುವ ಮೊದಲು ಬಿಸಿ ಬಟ್ಟಲನ್ನು ಮುಚ್ಚಿದ ಎಡಗಣ್ಣಿನ ಮೇಲೆ ಒತ್ತಿಕೊಂಡು ನಿಂತಳು. ಮನೆಯಲ್ಲಿ ಎಲ್ಲರೂ ಮಲಗಿದ್ದರು.” ಕಿವಿ ಮುರಿದ ಬಟ್ಟಲು ಏನೆಂಬುದು ರಾಯರಿಗೆ ಗೊತ್ತಿತ್ತು. ಅವರ ತಾಯಿಯ ಕಾಲದಲ್ಲಿ ಅಂಥದೊಂದು ಕಿಟಕಿಯ ಹೊರಗೆ ಮಳೆ ಗಾಳಿಗೆ ಒಡ್ಡಿಕೊಂಡು ಇರುತ್ತಿತ್ತು, ಅಂಗಳ ದಾಟಿ ಒಳಗೆ ಬರಬಾರದವರಿಗೆಂದು. ಅದನ್ನು ಮಚ್ಛೇಂದ್ರನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಂಥ ಬಟ್ಟಲುಗಳಲ್ಲಿ ಕುಡಿದವರ ಮಗ ಅವನು. ಆದರೆ ಎಡಗಣ್ಣು? ಔರಾದದ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ, ಮದುವೆಯಾದ ಹೊಸತರಲ್ಲಿ, ಎದುರು ಕುಳಿತ ಹುಡುಗಿ ಅನಸೂಯಾ ಚಹಾದ ಗ್ಲಾಸನ್ನೆತ್ತಿ ತುಟಿಗೆ ಒಯ್ಯದೆ ಮುಚ್ಚಿದ ಎಡಗಣ್ಣಿನ ಮೇಲೆ ಇಟ್ಟುಕೊಂಡಿದ್ದಳು. “ಏನದು?” ಎಂದಿದ್ದರು. “ಅರ್ಧ ತಲಿ ನೋವು ಅದರಿ. ಬಿಸಿ ಹಿಡದ್ರ ಹಿತ ಅನಸ್ತದ.” ಬಲಗಣ್ಣು ತೆರೆದೇ ಇತ್ತು, ಅದರಲ್ಲಿ ನಗೆಯಿತ್ತು. ಆಮೇಲಿನ ಇಷ್ಟು ವರ್ಷ ಆ ಅಭ್ಯಾಸ ಮನೆಯ ಗೋಡೆಯ ಮೇಲಿನ ಮೊಳೆಯಂತೆ ಅಲ್ಲಿಯೇ ಇತ್ತು. ಅದನ್ನು ವೃಂದಾಳಿಗೆ ಕೊಡಬೇಕೆಂದು ಅವರಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಹೊಳೆದವನಿಗೆ ಅದು ಸಿಕ್ಕಿದ್ದಾದರೂ ಎಲ್ಲಿ?

ಅವರು ಎದ್ದು ಅಂಗಿ ಬದಲಿಸಿದರು. ಅನಸೂಯಾಬಾಯಿ ಹಿಟ್ಟಿನ ಕೈಯಲ್ಲಿಯೇ ಬಾಗಿಲಿಗೆ ಬಂದರು.

“ಈ ಬಿಸಲಾಗ ಎಲ್ಲಿಗಿ ಹೊಂಟ್ರಿ?”

“ಭಾಲ್ಕಿಗಿ ಹೋಗಿ ಬರ್ತೇನಿ. ಅಧ್ಯಾಯದ್ದು ಜರಾ ಮಾತಾಡೂದದ.”

“ಮಚ್ಛೇಂದ್ರ ಭಾವೂಜಿ ಮನಿಗೇನು? ತಡೀರಿ, ಅಗಸಿ ಚಟ್ನಿ ಕೊಡ್ತೇನಿ. ಹ್ವಾದ ಸಲ ವಾಸನಿ ಹಿಡದು ಕೇಳಿದ್ರು, ಯಾರು ಕುಟ್ಟಿದ್ದು ಅಂತ.”

“ಯಾವಾಗ ಕೇಳಿದ್ರು?”

“ಬಂದಾಗ. ನೀವು ಒಳಗ ಚಷ್ಮಾ ಹುಡುಕಲಿಕ್ಕೆ ಹೋಗಿದ್ರಿ.” ಅವರು ಡಬ್ಬಿಗೆ ಚಟ್ನಿ ತುಂಬುತ್ತ ನಕ್ಕರು. “ಏನ್ರಿ, ಚಟ್ನಿ ಬಗ್ಗೇನೂ ನಿಮ್ಮನ್ನ ಕೇಳಿ ತಿದ್ದಸ್ಕೋಬೇಕಾ?”

ಡಬ್ಬಿ ಬಸ್ಸಿನಲ್ಲಿ ತೊಡೆಯ ಮೇಲೆ ಬೆಚ್ಚಗೆ ಕುಳಿತಿತ್ತು, ಅಥವಾ ರಾಯರಿಗೆ ಹಾಗೆನಿಸಿತು. ಭಾವೂಜಿ. ಗಂಡನ ತಮ್ಮನಿಗೆ ಹೇಳುವ ಮಾತು; ರಾಯರ ಸ್ವಂತ ತಮ್ಮಂದಿರನ್ನೇ ಹೆಸರು ಹಿಡಿದು ಕರೆಯುವ ಹೆಣ್ಣು. ಅವಳು ಔರಾದದಲ್ಲಿ ಮರಾಠಿ ಶಾಲೆಯಲ್ಲಿ ಓದಿದವಳು. ಮಾತಾಡಲು ಕನ್ನಡ ಹರಿಯುತ್ತದೆ, ಅಚ್ಚಿನ ಅಕ್ಷರ ಮಾತ್ರ ಒಂದೊಂದಾಗಿ ಕೂಡಿಸಿ ಓದಬೇಕು. ಹೊಸತರಲ್ಲಿ ಅವರೇ ಕಲಿಸಲು ಕುಳಿತು, ಒತ್ತಕ್ಷರಕ್ಕೆ ಬಂದಾಗ ಬೇಸತ್ತು ಬಿಟ್ಟಿದ್ದರು. ಬಿಟ್ಟದ್ದು ಒಳ್ಳೆಯದೇ ಆಯಿತೆಂದು ಈಗೀಗ ಅನ್ನಿಸುತ್ತಿತ್ತು. ಪ್ರತಿ ಅಧ್ಯಾಯವನ್ನೂ ಸಂಜೆ ಅವರು ಓದಿಹೇಳುತ್ತಿದ್ದರು. ಹೀಗಾಗಿ ವೃಂದಾ ಅವಳ ಪಾಲಿಗೆ ಬಂದದ್ದೆಲ್ಲ ರಾಯರ ದನಿಯಲ್ಲಿಯೇ. ಕಿಟಕಿಯಲ್ಲಿ ಕೆಂಪು ನೆಲ ಹಿಂದೆ ಸರಿಯುತ್ತಿತ್ತು. ಅನಸೂಯಾ ಹೇಳಿದ ಆ ಮಧ್ಯಾಹ್ನ ಮಚ್ಛೇಂದ್ರ ಡಾಬಕಾ ಹಳ್ಳಿಯ ತನ್ನ ಹೊಲದ ತೊಗರಿಯನ್ನು ಗಂಜಿನಲ್ಲಿ ಇಳಿಸಿ, ಹುಬ್ಬಿನ ಮೇಲೆ ಧೂಳು ಹೊತ್ತು, ನಮೂನೆಯ ಕಾಳಿದ್ದ ಸಣ್ಣ ಬಟ್ಟೆಚೀಲವನ್ನು ಹೊರಗಿನ ಕಟ್ಟೆಯ ಮೇಲಿಟ್ಟು, ಮೊದಲ ಸಲ ಮನೆಗೆ ಬಂದಿದ್ದ. ರಾಯರು ಅವನನ್ನು ಕುರ್ಚಿಯ ಮೇಲೆಯೇ ಕೂಡಿಸಿದ್ದರು. ಒಳಗಿನ ಕುರ್ಚಿ. ಊಟದ ಪ್ರಸ್ತಾಪವನ್ನೂ ಮಾಡಿ, ಅವನು ಒಲ್ಲೆ ಎಂದ ಮೇಲೆ ಅಡಿಗೆಮನೆಯ ಕಡೆ ತಿರುಗಿ ದೊಡ್ಡ ದನಿಯಲ್ಲಿ, “ಕಾಗದದ ಕಪ್ಪಿನ್ಯಾಗ ಕೊಡು, ಅವರಿಗಿ ಹೋಗೂ ಗಡಿಬಿಡಿ ಅದ” ಎಂದಿದ್ದರು. ಗಡಿಬಿಡಿ ಇದೆಯೆಂದು ಅವನು ಹೇಳಿದ್ದನೇ? ಹೇಳಿರಬೇಕು. ಬಿಸಿಲ ಹೊತ್ತು, ಗಂಜಿನ ಕೆಲಸ, ಭಾಲ್ಕಿಯ ಬಸ್ಸು. ಇಲ್ಲದಿದ್ದರೆ ತಮಗೆ ಯಾಕೆ ಹಾಗೆ ಹೊಳೆಯಬೇಕು? ಗಾರ್ಗಿ ಬಂದಾಗ ಸ್ಟೀಲಿನ ಲೋಟ ಬಂದಿತ್ತು. ಗಾರ್ಗಿ ನಿಧಾನಸ್ಥೆ, ಕುಳಿತು ಹರಟೆ ಹೊಡೆಯುವ ಹುಡುಗಿ, ಅವಳ ಮಾತು ಬೇರೆ. ಮಚ್ಛೇಂದ್ರ ಕಪ್ಪಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಊದಿ ಊದಿ, ನಿಧಾನವಾಗಿಯೇ ಕುಡಿದಿದ್ದ. ಕಂಡಕ್ಟರ್ ಬಂದು “ಎಲ್ಲಿಗ್ರಿ ಕಾಕಾ?” ಎಂದಾಗ ರಾಯರು ಬೆಚ್ಚಿ “ಬೀದರ” ಎಂದುಬಿಟ್ಟರು. ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು. “ಬೀದರ ಬಿಟ್ಟು ಹೊಂಟದರಿ ಗಾಡಿ” ಎಂದು ಕಂಡಕ್ಟರನೂ ನಕ್ಕ.

ಭಾಲ್ಕಿಯಲ್ಲಿ ಮಚ್ಛೇಂದ್ರನ ಮನೆಯ ಪಡಸಾಲೆ ತಂಪಾಗಿತ್ತು. ಕಪಾಟಿನ ತುಂಬ ಪುಸ್ತಕಗಳು, ಅವುಗಳ ಮೇಲೆ ಕಣ್ಣು ಮುಚ್ಚಿದ ಚಿಕ್ಕ ಬುದ್ಧ. ಮಚ್ಛೇಂದ್ರ ಬಾಗಿಲಿಗೇ ಬಂದು ಕೈಹಿಡಿದು ಕರೆದೊಯ್ದ. ಅವನ ಹೆಂಡತಿ ಗಿರಿಜಾಬಾಯಿ ಚಟ್ನಿಯ ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮುಚ್ಚಳ ತೆಗೆದು ಮೂಸಿ, “ಅನಸೂಯಾ ವೈನಿ ಕೈ ಗುಣಾನೇ ಬ್ಯಾರೆ ಅದ ಬಿಡ್ರಿ” ಎಂದು ಒಳಗೆ ಹೋಗಿ, ಬಂಗಾರದ ಅಂಚಿನ ಪಿಂಗಾಣಿ ಕಪ್-ಬಸಿಗಳಲ್ಲಿ ಚಹಾ ತಂದರು.

“ನಾ ಊಟದ ಮೊದಲ ಚಹಾ ತಗೋಳಂಗಿಲ್ಲ” ಎಂದರು ರಾಯರು. ಬೆಳಗಿನಿಂದ ಎರಡು ಸಲ ಆಗಿತ್ತು.

“ಅರ್ಧರೆ ತಗೋರಿ ಸರ. ಇವರು ಬರದದ್ದು ತಿದ್ದಿ ತಿದ್ದಿ ನಿಮ್ಮ ಗಂಟಲ ಆರಿರ್ತದ. ನಾನಂತೂ ಇವರ ಚೀಟಿ ಓದಿ ಬಾಜಾರಕ್ಕ ಹೋದ್ರ, ಏನು ತರಬೇಕು ಅದು ಬಿಟ್ಟು ಎಲ್ಲಾ ತಂದಿರ್ತೇನಿ.”

ಮಚ್ಛೇಂದ್ರ ದೊಡ್ಡದಾಗಿ ನಕ್ಕ. ರಾಯರು ಕಪ್ಪನ್ನು ಎತ್ತಿಕೊಂಡರು. ಅದಕ್ಕೆ ಕಿವಿಯಿತ್ತು, ಬೆರಳು ತೂರಿಸಿ ಹಿಡಿದರೆ ಬಿಸಿ ಹತ್ತುತ್ತಿರಲಿಲ್ಲ. ಚಹಾ ಚೆನ್ನಾಗಿತ್ತು. ಚೆನ್ನಾಗಿಲ್ಲದಿದ್ದರೆ ಮಾತು ಆರಂಭಿಸುವುದು ಸುಲಭವಾಗುತ್ತಿತ್ತೇನೋ ಎಂದು ಅವರಿಗೆ ಅನ್ನಿಸಿತು.

“ಈ ಎಡಗಣ್ಣಿನ ಸಂಗತಿ,” ಎಂದರು, ಚಹಾ ಅರ್ಧವಾದ ಮೇಲೆ, “ಮೂಲದಾಗ ಇಲ್ಲ.”

“ಇಲ್ಲರಿ ಸರ.”

“ಮತ್ತ ನಿಮಗ ಹ್ಯಾಂಗ ಹೊಳೀತು?”

“ಹೊಳೀಲಿಲ್ಲರಿ. ನೋಡಿದ್ದು ಬರದೇನಿ.”

“ಎಲ್ಲಿ ನೋಡಿದ್ರಿ?”

ಮಚ್ಛೇಂದ್ರ ಹೆಂಡತಿಯ ಕಡೆ ನೋಡಿದ. ಗಿರಿಜಾಬಾಯಿ ಬಸಿ ಎತ್ತಿಕೊಂಡು ಒಳಗೆ ಹೋದರು.

“ನಿಮ್ಮ ಮನ್ಯಾಗ. ಆವತ್ತ ನಮೂನಾ ಚೀಲಾ ನಿಮ್ಮ ಕಟ್ಟಿ ಮ್ಯಾಲೇ ಮರತು ಹೋಗಿದ್ದೆ, ಸರ. ಬಸ್‌ಸ್ಟ್ಯಾಂಡ್ ತನಕ ಹೋಗಿ ಹೊಳ್ಳಿ ಬಂದೆ. ಬಾಗಲಾ ತೆರದೇ ಇತ್ತು. ಅಡಗಿಮನ್ಯಾಗ ವೈನಿ ನಿಂತಿದ್ರು. ತಮ್ಮ ಚಹಾ ಒಂದು ಕಾಗದದ ಕಪ್ಪಿಗಿ ಬಗ್ಗಸ್ಕೋಲಿಕ್ಕತ್ತಿದ್ರು. ಸ್ಟೀಲಿನ ಲೋಟ ಬಾಜೂಕೇ ಇತ್ತು, ತೊಳದಿಟ್ಟದ್ದು. ಅದನ್ನ ಬಿಟ್ಟು ಇದರಾಗ ತಗೊಂಡ್ರು. ಕಣ್ಣಿಗಿ ಹಿಡಕೊಂಡ್ರು. ಕರೀಬೇಕು ಅಂತ ಬಾಯಿ ತೆರದೆ. ಕರೀಲಿಲ್ಲ.”

“ಯಾಕ?”

“ಕರದಿದ್ರ ಅವರು ಕಪ್ಪ ಕೆಳಗ ಇಡ್ತಿದ್ರು.”

ಹೊರಗೆ ಯಾರದೋ ಸೈಕಲ್ಲಿನ ಗಂಟೆ ಕೇಳಿಸಿತು. ಈ ಮನುಷ್ಯ ಈಗ ಏನಾದರೂ ಅಂದರೆ, ಒಂದು ಆಪಾದನೆಯ ಮಾತು ಆಡಿದರೆ, ಅದಕ್ಕೆ ಕೊಡಬೇಕಾದ ಉತ್ತರ ರಾಯರ ಬಳಿ ಸಿದ್ಧವಾಗಿತ್ತು: ಬಿಸಿಲು, ಗಡಿಬಿಡಿ, ತೊಳೆಯುವ ತೊಂದರೆ. ಮಚ್ಛೇಂದ್ರ ತನ್ನ ಕಪ್ಪಿನಲ್ಲಿ ಉಳಿದ ಚಹಾ ಕುಡಿದ. ರಾಯರಿಗೆ ಆ ಕ್ಷಣದಲ್ಲಿ ಚುಚ್ಚಿದ್ದು ಕಾಗದದ ಕಪ್ಪಲ್ಲ. ಅದು ಆಮೇಲೆ ಚುಚ್ಚುವುದಿತ್ತು. ಈಗ ಚುಚ್ಚಿದ್ದು, ಇವನು ನೋಡಿದನಲ್ಲ ಎಂಬುದು. ತಾವು ಎಂದಿನ ಮಧ್ಯಾಹ್ನದ ನಿದ್ದೆಯಲ್ಲಿ ಗೋಡೆಯ ಆಚೆ ಬಾಯಿ ತೆರೆದು ಮಲಗಿದ್ದಾಗ, ತಮ್ಮ ಮನೆಯಲ್ಲಿ, ತಮ್ಮ ಹೆಂಡತಿ ಯಾರಿಗೂ ಹೇಳದೆ ಒಂದು ಕೆಲಸ ಮಾಡಿದಳು. ಅದು ಈ ಮನುಷ್ಯನ ಪರವಾಗಿ ಮಾಡಿದ್ದು. ಅದನ್ನು ನೋಡುವ ಭಾಗ್ಯವೂ ಇವನದೇ ಆಯಿತು. ನೋಡಿಯೂ ಕರೆಯದೆ ಹೋಗುವ ಸೂಕ್ಷ್ಮವೂ ಇವನಿಗೇ ಇತ್ತು. ಬಾಗಿಲಲ್ಲಿ ತಾವು ನಿಂತಿದ್ದರೆ ಏನು ಮಾಡುತ್ತಿದ್ದರು? “ಲೋಟ ಇಲ್ಲೇನು?” ಎಂದು ಕೇಳುತ್ತಿದ್ದರು.

“ಮೂಲಕ್ಕ ವಿರುದ್ಧ ಆಗ್ತದ,” ಎಂದರು. ತರಗತಿಯ ಕೊನೆಯ ಸಾಲಿಗೂ ಕೇಳಿಸುವ ಹಳೆಯ ದನಿ ಅದಾಗಿಯೇ ಬಂತು. “ವೃಂದಾ ಚಹಾ ತರ್ತಾಳ. ಕುಡೀತಾಳ ಅಂತ ಎಲ್ಲೂ ಇಲ್ಲ.”

“ಕುಡಿಯಂಗಿಲ್ಲ ಅಂತನೂ ಇಲ್ಲಲ್ರಿ, ಸರ.” ಮಚ್ಛೇಂದ್ರ ನಕ್ಕ, ಆಮೇಲೆ ನಗೆ ಬಿಟ್ಟು ತನ್ನ ಅಂಗೈಗಳನ್ನು ನೋಡಿಕೊಂಡ. “ತೆಗೀಬೇಕು ಅನಿಸಿದ್ರ ತೆಗೀರಿ. ಮನಿ ನಿಮ್ದದ.”

ಮರಳುವ ಬಸ್ಸಿನಲ್ಲಿ ಅವರು ತೆಗೆದರು. ಬೆರಳು ಒತ್ತಿ ಹಿಡಿದಾಗ ಆ ಐದು ಸಾಲುಗಳು ನೀಲಿಯಾಗಿ ನಿಂತವು, ಆಮೇಲೆ ಇರಲಿಲ್ಲ. ಅಧ್ಯಾಯ ಮೇಲಿನ ಸಾಲಿಗೇ ತಟಕ್ಕನೆ ಮುಗಿದು, ಮುಂದೆ ಏನೋ ಇತ್ತೆಂಬುದರ ಕಲೆಯೂ ಉಳಿಯಲಿಲ್ಲ. ಅಧ್ಯಾಯವನ್ನು ಬಳಗಕ್ಕೆ ಕಳಿಸಿ, ಮೊಬೈಲು ಕೈಯಲ್ಲಿ ಹಿಡಿದೇ ಕಾದರು. ಎರಡೋ ಮೂರೋ ಹೃದಯಗಳು ಬಂದವು. ಗಾರ್ಗಿ ಬರೆದಳು, “ಈ ಸಲ ಜರಾ ಸಪ್ಪ ಅನಸ್ತಲ್ರಿ ಮಚ್ಛೇಂದ್ರ ಸರ? ಬಂದವರು ಹೋದ್ರು, ಕಥಿ ಅಲ್ಲೇ ನಿಂತು ಹೋಯ್ತು.” ಅದರ ಕೆಳಗೆ ಮಚ್ಛೇಂದ್ರ, “ಹೌದರಿ, ಸಪ್ಪ ಆಗ್ಯಾದ. ಮುಂದಿನ ಸಲ ನೋಡೋಣ್ರಿ” ಎಂದು ಬರೆದು ಕೈಮುಗಿದ ಚಿತ್ರ ಹಾಕಿದ್ದ. ರಾಯರು ನಿರೀಕ್ಷಿಸಿದ್ದ ಸಂತೋಷ ಬಂತು. ಬಂದು, ಹೊಸ ಜಾಗದಲ್ಲಿ ಎಲ್ಲಿ ಕೂಡಬೇಕೆಂದು ತಿಳಿಯದ ಅತಿಥಿಯಂತೆ ನಿಂತೇ ಇತ್ತು.

ಸಂಜೆ ಅನಸೂಯಾಬಾಯಿ ಪುಂಡಿಪಲ್ಯದ ಎಲೆ ಬಿಡಿಸುತ್ತ ನೆಲದ ಮೇಲೆ ಕುಳಿತರು. ರಾಯರು ಎಂದಿನ ಕುರ್ಚಿಯಲ್ಲಿ ಕುಳಿತು, ಗಂಟಲು ಸರಿಪಡಿಸಿಕೊಂಡು ಓದಿದರು. ಬಂದವರು ಬಂದರು, ಅಂಗಳದಲ್ಲಿ ಕುಳಿತರು, ವೃಂದಾ ಕಿವಿ ಮುರಿದ ಬಟ್ಟಲಲ್ಲಿ ಚಹಾ ಕೊಟ್ಟಳು, ಬಂದವರು ಹೋದರು. ಅಧ್ಯಾಯ ಮುಗಿಯಿತು.

“ಅಷ್ಟೇ?”

“ಅಷ್ಟೇ.”

“ಅವರು ಹ್ವಾದ ಮ್ಯಾಲ ಆಕಿ ಏನೂ ಮಾಡ್ಲಿಲ್ಲೇನು?”

“ಇಲ್ಲ.”

“ಮಾಡಿರ್ತಾಳ,” ಎಂದರು ಅನಸೂಯಾಬಾಯಿ, ದಂಟನ್ನು ಒಂದು ಕಡೆ, ಎಲೆಯನ್ನು ಒಂದು ಕಡೆ ಹಾಕುತ್ತ. “ಮಚ್ಛೇಂದ್ರ ಭಾವೂಜಿ ಈ ಸಲ ಆಕೀನ ಕೈ ಬಿಟ್ಟಾರ ನೋಡ್ರಿ.”

ಆ ಮಾತಿನಲ್ಲಿ ಇದ್ದ ಸಣ್ಣ ನಿರಾಶೆ ರಾಯರಿಗೆ ತಡೆಯದಾಯಿತು. ತಮ್ಮ ಅಧ್ಯಾಯಗಳನ್ನು ಕೇಳಿ ಅವಳು ನಿರಾಶೆಗೊಂಡದ್ದಿಲ್ಲ. ನಿರಾಶೆಗೆ ಮೊದಲು ಏನನ್ನಾದರೂ ಬಯಸಬೇಕು. ಒಮ್ಮೆ, ಒಂದೇ ಒಂದು ಸಲ, ಆ ಮುಖ ತಮ್ಮ ವಾಕ್ಯಕ್ಕಾಗಿ ಎಲೆ ಬಿಡಿಸುವುದನ್ನು ನಿಲ್ಲಿಸಬೇಕು ಎಂಬ ಆಸೆ ನಾಲಿಗೆಯ ತುದಿಗೆ ಬಂದು ನಿಂತಿತು. ಮಚ್ಛೇಂದ್ರ ಕಳಿಸಿದ ಮೊದಲಿನ ಪ್ರತಿ ಮೊಬೈಲಿನಲ್ಲಿ ಹಾಗೆಯೇ ಇತ್ತು.

“ಮುಂದಿನ ಅಧ್ಯಾಯ ನನ್ದದ,” ಎಂದರು. “ಅದರಾಗ ನಾ ಹಿಂಗ ಬರದೇನಿ. ಕೇಳು.” ಓದಿದರು. “ಬಂದವರು ಹೋದ ಮೇಲೆ ವೃಂದಾ ಕಿಟಕಿಯ ಹೊರಗಿದ್ದ ಕಿವಿ ಮುರಿದ ಬಟ್ಟಲನ್ನು ಒಳಗೆ ತಂದಳು. ತೊಳೆದಳು. ತನ್ನ ಪಾಲಿನ ಚಹಾವನ್ನು ಅದಕ್ಕೇ ಬಗ್ಗಿಸಿಕೊಂಡಳು…” ದನಿ ತಮ್ಮದೇ ಆಗಿತ್ತು, ಉಸಿರು ನಿಲ್ಲಬೇಕಾದಲ್ಲಿ ನಿಲ್ಲುತ್ತಿತ್ತು. ಕೊನೆಯ ವಾಕ್ಯಕ್ಕೆ ಬರುವ ಹೊತ್ತಿಗೆ ಅನಸೂಯಾಬಾಯಿಯ ಕೈ ನಿಂತಿತ್ತು. ರಾಯರು ಕನ್ನಡಕದ ಮೇಲಿಂದ ಅವರ ಮುಖ ನೋಡಿದರು.

“ಇದು ನೀವು ಬರದದ್ದಾ?”

“ಹ್ಞೂಂ.”

“ನೀವು ಮಲಗಿದ್ರಿ,” ಎಂದರು ಅವರು.

ಗಂಜಿನ ಕಡೆಯ ಹಮಾಲರ ಕೂಗು ದೂರದಿಂದ ಬಂದು ಹೋಯಿತು. ರಾಯರು ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. ಅನಸೂಯಾಬಾಯಿ ಅವರನ್ನು ನೋಡುತ್ತಿರಲಿಲ್ಲ. ಹೊರಗಿನ ಕಟ್ಟೆಯ ಕಡೆ ಕತ್ತು ಹೊರಳಿಸಿ, ಏನನ್ನೋ ಒಂದೊಂದಾಗಿ ಕೂಡಿಸುತ್ತಿದ್ದರು, ಅಚ್ಚಿನ ಅಕ್ಷರ ಕೂಡಿಸುವಾಗಿನ ಅದೇ ಎಚ್ಚರದಿಂದ.

“ಚೀಲಾ,” ಎಂದರು ತಮ್ಮಷ್ಟಕ್ಕೆ. “ಅವರ ಚೀಲಾ ಕಟ್ಟಿ ಮ್ಯಾಲ ಇತ್ತು. ಸಂಜಿಗಿ ಎತ್ತಿಡಬೇಕಂತ ಹ್ವಾದ್ರ ಇರಲಿಲ್ಲ. ಯಾರೋ ಒಯ್ದಾರ ಅಂತ ತಿಳಕೊಂಡಿದ್ದೆ ನಾ. ಅವರೇ ಹೊಳ್ಳಿ ಬಂದಿರಬೇಕು.”

ರಾಯರು ಕಾದರು. ಕಪ್ಪಿನ ಮಾತು ಈಗ ಬರುತ್ತದೆ. ಯಾಕೆ ಹಾಗೆ ಹೇಳಿದಿರಿ ಎಂದು ಇಷ್ಟು ದಿನದ ಮೇಲೆ ಕೇಳುತ್ತಾಳೆ. ಅಥವಾ ಈ ಸುಳ್ಳಿನ ಮಾತು. ಎರಡಕ್ಕೂ ತಲೆ ಕೊಡಲು ಅವರು ಸಿದ್ಧರಾಗಿದ್ದರು, ಸಿದ್ಧರಾಗಿ ಬಹುಶಃ ಆಸೆಯನ್ನೂ ಪಡುತ್ತಿದ್ದರು. ಯಾವುದೂ ಬರಲಿಲ್ಲ. ಅನಸೂಯಾಬಾಯಿ ಕೈಯಲ್ಲಿದ್ದ ದಂಟನ್ನು ಕೆಳಗಿಟ್ಟು, ಒದ್ದೆಯಾದ ಬೆರಳು ತಾಕದಂತೆ ಮುಂಗೈಯಿಂದ ಕೂದಲನ್ನು ಕಿವಿಯ ಹಿಂದೆ ಸರಿಸಿಕೊಂಡರು. ಅದು ಔರಾದದ ಹೋಟೆಲಿನ ಹುಡುಗಿಯ ಕೈ. ಅದನ್ನು ಅವರು ಎಷ್ಟು ವರ್ಷಗಳಿಂದ ನೋಡಿರಲಿಲ್ಲ!

“ಇನ್ನೊಮ್ಮೆ ಓದ್ರಿ,” ಎಂದರು. “ಸಾವಕಾಶ.”

ಅವರು ಓದಿದರು. ಪ್ರತಿ ಪೂರ್ಣವಿರಾಮದಲ್ಲಿಯೂ ನಿಂತು, ಪ್ರತಿ ಪದವನ್ನೂ ಬೆಳಕಿಗೆ ಹಿಡಿದು, ಎಲ್ಲಿಯಾದರೂ ಒಂದು ತಪ್ಪು ಸಿಕ್ಕೀತೇ ಎಂದು ಹುಡುಕುತ್ತ ಓದಿದರು. ಸಿಗಲಿಲ್ಲ. ‘ಎಡಗಣ್ಣಿನ ಮೇಲೆ’ ಎಂಬಲ್ಲಿಗೆ ಬಂದಾಗ ತಲೆಯೆತ್ತಿದರು. ಕೈಯಲ್ಲಿ ಕಪ್ಪಿಲ್ಲ, ಬಟ್ಟಲಿಲ್ಲ. ಆದರೂ ಅನಸೂಯಾಬಾಯಿಯ ಎಡಗಣ್ಣು ಮುಚ್ಚಿತ್ತು. ಬಲಗಣ್ಣು ತೆರೆದಿತ್ತು, ಅದರಲ್ಲಿ ನಗೆಯಿತ್ತು. ಅದು ನೋಡುತ್ತಿದ್ದದ್ದು ಬಾಗಿಲನ್ನು.